ಹಾಳೆ ಒಣಗೋದಿಲ್ಲ, ಡೇರೆ ಹೂ ಕಾಯೋದಿಲ್ಲ

ಆರು ಫ್ರೇಮುಗಳನ್ನು ಹಳೇ ದುಪ್ಪಟಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಶಿವಮೊಗ್ಗದಿಂದ ಸಂಜೆ ಬಸ್ಸಿಗೆ ಊರಿಗೆ ಬಂದು ಇವತ್ತಿಗೆ ನಾಲ್ಕು ದಿನ. ಮಂಡಗದ್ದೆ ತಿರುವುಗಳಲ್ಲಿ ಫ್ರೇಮಿನ ಅಂಚು ಒತ್ತಿ ತೊಡೆ ನೀಲಿಗಟ್ಟಿದ್ದು ಇನ್ನೂ ಹೋಗಿಲ್ಲ. ಮೇ ತಿಂಗಳಲ್ಲಿ ಹಿಡಿದ ಕೆಲಸ ಡಿಸೆಂಬರಿಗೆ ಮುಗಿಯಿತು. ಮಳೆಗಾಲದಲ್ಲಿ ಮಲೆನಾಡಿನ ಮನೆಯೊಳಗೆ ಕೂತು ಜಲವರ್ಣದಲ್ಲಿ ಹೂ ಬರೆಯುತ್ತೇನೆ ಎಂದು ಹೊರಡುವ ಹುಚ್ಚಿ ನಾನೊಬ್ಬಳೇ ಇರಲಾರೆ. ಬೇರೆಯವರಿಗೆ ಒಂದೆರಡು ಸಾವಿರ ರೂಪಾಯಿ, ಒಂದಿಷ್ಟು ಕಣ್ಣೀರು ಉಳಿದರೆ ಉಳಿಯಲಿ ಅಂತ, ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ನಾನು ಕಲಾವಿದೆಯಲ್ಲ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋಯರ್ ಪರೀಕ್ಷೆ ಪಾಸು ಮಾಡಿದ್ದೆ, ಹೈಯರ್‌ಗೆ ಕೂರುವ ಮೊದಲು ಓದು ಬೇರೆ ಕಡೆ ಹೊರಳಿತು. ತೀರ್ಥಹಳ್ಳಿ ಕಡೆಯ ಈ ಅಡಿಕೆ ತೋಟದ ಮನೆಗೆ ಬಂದ ಮೇಲೆ ಕೈಗೆ ಸಿಕ್ಕ ಬಣ್ಣ ರಂಗೋಲಿಯದ್ದು ಮಾತ್ರ. ಎರಡು ವರ್ಷದಿಂದ ಮೊಬೈಲಿನಲ್ಲಿ ವಿಡಿಯೋ ನೋಡಿ ಮತ್ತೆ ಶುರು ಮಾಡಿದ್ದೆ. ಶಿವಮೊಗ್ಗದಲ್ಲಿರುವ ನಾದಿನಿಯ ಮಗಳು ಏಪ್ರಿಲ್ ಕೊನೆಗೆ ಫೋನ್ ಮಾಡಿ, "ಅತ್ತೆ, ಡಿಸೆಂಬರಿನಲ್ಲಿ ಇಲ್ಲಿ ಹವ್ಯಾಸಿಗಳ ಚಿತ್ರಪ್ರದರ್ಶನ ಇದೆ. ಬರೀ ಹೂವಿನ ಚಿತ್ರ. ನೀವು ಯಾಕೆ ಕೊಡಬಾರದು?" ಅಂದಳು. ಏಳೆಂಟು ತಿಂಗಳಿದೆ, ಹನ್ನೆರಡು ಹೂ ಬರೆಯಬಹುದು ಅಂದುಬಿಟ್ಟೆ. ಆ ಏಳೆಂಟು ತಿಂಗಳಲ್ಲಿ ನಾಲ್ಕು ಮಳೆಯದ್ದು ಎಂದು ಆಗ ಲೆಕ್ಕ ಹಾಕಲಿಲ್ಲ.

ಮೊದಲ ಓಡಾಟ ಹಾಳೆಗೆ. ಶಿವಮೊಗ್ಗದ ಗಾಂಧಿ ಬಜಾರ್ ಕಡೆ ಸಿಕ್ಕಿದ್ದು ತೆಳು ಡ್ರಾಯಿಂಗ್ ಹಾಳೆ. ಅದರ ಮೇಲೆ ನೀರು ಬಿಟ್ಟರೆ ಹಪ್ಪಳದ ಹಾಗೆ ಏಳುತ್ತದೆ, ಎರಡು ಸಲ ಕುಂಚ ಆಡಿಸಿದರೆ ಹಿಂಜಿ ಬರುತ್ತದೆ. ಜಲವರ್ಣಕ್ಕೆ ಬೇಕಾದ್ದು 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ, ಪೂರ್ತಿ ಹತ್ತಿಯ ಹಾಳೆ. ಆನ್‌ಲೈನಿನಲ್ಲಿ ತರಿಸಿದೆ, ಹತ್ತು ಹಾಳೆಗೆ 1,150 ರೂಪಾಯಿ. ಕೊರಿಯರಿನವರು ನಮ್ಮ ಊರಿನ ತನಕ ಬರುವುದಿಲ್ಲ, ಒಂಬತ್ತು ದಿನ ಕಾದು ತೀರ್ಥಹಳ್ಳಿಗೆ ಹೋಗಿ ತಂದದ್ದು. ಬಣ್ಣದ್ದೂ ಹೀಗೇ. ಮಕ್ಕಳ ಬಣ್ಣದ ಪೆಟ್ಟಿಗೆ ತರುವ ಬದಲು ಕಲಾವಿದರ ದರ್ಜೆಯ ಆರೇ ಆರು ಟ್ಯೂಬು ತಂದೆ, 2,400 ಆಯಿತು. ಇಲ್ಲಿ ಕೈ ಬಿಗಿ ಹಿಡಿಯಬೇಡಿ. ಆರು ಒಳ್ಳೆಯ ಟ್ಯೂಬಿನಿಂದ ಎಲ್ಲ ಹೂವೂ ಹುಟ್ಟುತ್ತವೆ.

ಮೇ ಕೊನೆಯಲ್ಲಿ ತೋಟದಾಚೆಯ ಹಲಸಿನ ಮರದಲ್ಲಿ ಸೀತಾಳೆ ದಂಡೆ ಬಿಟ್ಟಿತು. ನರಿಯ ಬಾಲದ ಹಾಗೆ ಇಳಿಬಿದ್ದ ಗೊಂಚಲು, ಬಿಳಿ ಎಸಳಿನ ಮೇಲೆ ನೇರಳೆ ಚುಕ್ಕೆ. ಕೀಳಲಿಲ್ಲ, ಮರದಡಿಗೆ ಸ್ಟೂಲು ಒಯ್ದು ಕೂತು ಬರೆದೆ. ಕಾಡಿನ ಆರ್ಕಿಡ್ಡುಗಳನ್ನು ಕಿತ್ತು ತಂದು ಬರೆಯುವ ಅಭ್ಯಾಸ ಇದ್ದವರು ದಯವಿಟ್ಟು ಬಿಡಿ, ಅವು ಮೊದಲಿನಷ್ಟು ಕಾಣಿಸುತ್ತಿಲ್ಲ. ಬಿಸಿಲಿತ್ತು, ಹಾಳೆ ಐದು ನಿಮಿಷಕ್ಕೆ ಒಣಗುತ್ತಿತ್ತು, ಎರಡು ಮಧ್ಯಾಹ್ನದಲ್ಲಿ ಚಿತ್ರ ಮುಗಿಯಿತು. ಇಷ್ಟೇನಾ ಅನ್ನಿಸಿತು. ಆ ಸೊಕ್ಕು ಆರಿದ್ರಾ ಮಳೆ ಹಿಡಿಯುವ ತನಕ.

ಜಲವರ್ಣ ಕಲಿಸುವವರು ಯಾರೇ ಆಗಲಿ, ಮಾತು ಮಾತಿಗೆ "ಈಗ ಒಣಗಲು ಬಿಡಿ" ಅನ್ನುತ್ತಾರೆ. ಒಣಗಲು ಬಿಟ್ಟೆ. ಬೆಳಿಗ್ಗೆ ಹತ್ತಕ್ಕೆ ಹಾಕಿದ ಮೊದಲ ಪದರ ಮಧ್ಯಾಹ್ನ ಊಟವಾದ ಮೇಲೂ ಹಸಿ. ಜಿರಾಪತಿ ಮಳೆ, ಗೋಡೆಯೇ ಬೆವರುತ್ತಿದೆ, ಒಗೆದ ಲಂಗ ನಾಲ್ಕನೇ ದಿನವೂ ತಣ್ಣಗಿದೆ, ಹಾಳೆ ಒಣಗೆಂದರೆ ಎಲ್ಲಿ ಒಣಗೀತು? ಕಣ್ಣಿಗೆ ಒಣಗಿದಂತೆ ಕಂಡ ಹಾಳೆಯ ಮೇಲೆ ಎರಡನೇ ಪದರ ಎಳೆದೆ. ಕೆಳಗಿನ ಬಣ್ಣ ಎದ್ದು ಬಂತು, ಹೂಕೋಸಿನ ಅಂಚಿನ ಹಾಗೆ ಕಲೆ ಹರಡಿತು. ಈಗ ಗೊತ್ತು: ಕಣ್ಣನ್ನು ನಂಬಬೇಡಿ, ಕೈಯ ಹಿಂಬದಿಯನ್ನು ಹಾಳೆಗೆ ತಾಗಿಸಿ ನೋಡಿ. ತಣ್ಣಗೆ ಅನ್ನಿಸಿದರೆ ಒಳಗೆ ನೀರಿದೆ ಅಂತ ಅರ್ಥ. ಹೇರ್ ಡ್ರೈಯರ್ ಇದ್ದರೆ ಆಗುತ್ತದಲ್ಲ ಅಂತ ಕೇಳುವಿರಿ. ಇದೆ. ಆರಿದ್ರಾ, ಪುನರ್ವಸು ಮಳೆಯಲ್ಲಿ ನಮ್ಮೂರಿಗೆ ಕರೆಂಟ್ ಇಲ್ಲ.

ಪುನರ್ವಸುವಿನಲ್ಲಿ ಇದಕ್ಕಿಂತ ದೊಡ್ಡದು ಕಾದಿತ್ತು. ಹೊಸ ಹಾಳೆ ತೆಗೆದು ದಾಸವಾಳದ ಎಸಳಿಗೆ ತೆಳು ಕೆಂಪು ಬಿಟ್ಟೆ. ಬಣ್ಣ ನಿಲ್ಲಲೇ ಇಲ್ಲ. ಬಿಟ್ಟ ಕಡೆ ಶಾಯಿಕಾಗದ ಹೀರಿಕೊಂಡ ಹಾಗೆ ಗುಳುಂ ಎಂದು ಒಳಗಿಳಿದು, ಮಂಕು ಮಚ್ಚೆ ಮಚ್ಚೆಯಾಗಿ ಕೂತುಬಿಟ್ಟಿತು. ಪಕ್ಕದ ಹಾಳೆಯೂ ಹಾಗೇ, ಅದರ ಪಕ್ಕದ್ದೂ. ಮೋಸದ ಮಾಲು ಕಳಿಸಿದ್ದಾರೆ ಎಂದು ಅಂಗಡಿಯವರಿಗೆ ಬೈದು ಬರೆಯಲು ಕೂತವಳು, ಅದೃಷ್ಟಕ್ಕೆ ಕಳಿಸುವ ಮೊದಲು ವಿಚಾರಿಸಿದೆ. ತಪ್ಪು ನನ್ನದೇ. ಜಲವರ್ಣದ ಹಾಳೆಗೆ ಜೆಲಟಿನ್‌ನಂಥ ಒಂದು ಅಂಟಿನ ಲೇಪ ಇರುತ್ತದೆ, ಸೈಜಿಂಗ್ ಅನ್ನುತ್ತಾರೆ. ಬಣ್ಣ ಮೇಲೆಯೇ ನಿಂತು ಹೊಳೆಯುವುದು ಅದರಿಂದ. ತೇವಕ್ಕೆ ಬೂಸು ಬರುವುದೂ ಮೊದಲು ಅದಕ್ಕೇ. ಒಣ ಹಾಳೆ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಬೆಳ್ಳಗೆ ಚೆನ್ನಾಗಿಯೇ ಇರುತ್ತದೆ. ನೀರು ಮುಟ್ಟಿಸಿದಾಗಲೇ ಬಂಡವಾಳ ಬಯಲಾಗುವುದು. ಮರದ ಕಪಾಟಿನಲ್ಲಿ ಮೂರು ವಾರ ಬಿಚ್ಚಿಟ್ಟ ತಪ್ಪಿಗೆ ಏಳು ಹಾಳೆ ಹೋದವು. ಅವತ್ತು ರಾತ್ರಿ ಊಟ ಸೇರಲಿಲ್ಲ. ಇವರು, "ಏಳು ಹಾಳೆಗೆ ಇಷ್ಟು ದುಃಖವಾ, ತೋಟದಲ್ಲಿ ಕೊಳೆಗೆ ಎಷ್ಟು ಗೊನೆ ಹೋಯಿತು ಲೆಕ್ಕ ಇದೆಯಾ?" ಅಂದರು. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸಲು ಬೋರ್ಡೋ ದ್ರಾವಣವಾದರೂ ಇದೆ, ಇದಕ್ಕೇನಿದೆ?

ಇದಕ್ಕೆ ಹಪ್ಪಳದ ಡಬ್ಬ ಇದೆ. ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಗರಿಗರಿಯಾಗಿ ಉಳಿಯುವ ಒಂದೇ ವಸ್ತು ಹಲಸಿನ ಹಪ್ಪಳ. ಅದು ಇರುವುದು ಮುಚ್ಚಳ ಹಾಕಿಸಿದ ಹಳೇ 15 ಕೆಜಿ ಎಣ್ಣೆ ಡಬ್ಬದಲ್ಲಿ. ಎರಡನೇ ಕಟ್ಟು ಹಾಳೆ ಬಂದ ದಿನವೇ ಅತ್ತೆಯವರ ಹತ್ತಿರ ಒಂದು ಡಬ್ಬ ಕೇಳಿದೆ. "ಕಾಗದಕ್ಕೆ ಡಬ್ಬವಾ? ಹಪ್ಪಳ ಎಂಥದರಲ್ಲಿ ಇಡುದು, ನಿನ್ನ ತಲೆ ಮೇಲಾ?" ಅಂದರೂ ಎರಡು ಡಬ್ಬದ ಹಪ್ಪಳ ಒಂದಕ್ಕೆ ತುಂಬಿ ಖಾಲಿ ಮಾಡಿಕೊಟ್ಟರು. ಎ-4 ಅಳತೆಯ ಹಾಳೆ ಅದರಲ್ಲಿ ನೆಟ್ಟಗೆ ನಿಲ್ಲುತ್ತದೆ, ಇಷ್ಟು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಪ್ರದರ್ಶನದಲ್ಲಿ ಒಬ್ಬರು "ಎಲ್ಲ ಚಿತ್ರವನ್ನೂ ಒಂದೇ ಚಿಕ್ಕ ಅಳತೆಯಲ್ಲಿ ಬರೆದದ್ದಕ್ಕೆ ವಿಶೇಷ ಕಾರಣ ಇದೆಯಾ?" ಅಂತ ಕೇಳಿದರು. ಏನು ಹೇಳಲಿ? ಡಬ್ಬದೊಳಗೆ ಹಾಳೆ ಸುತ್ತಲು ಪ್ಲಾಸ್ಟಿಕ್ ಚೀಲ, ಜೊತೆಗೆ ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎಂಟು ಹತ್ತು ಹಾಕಿ. ಒಂದು ಸಲಕ್ಕೆ ಒಂದೇ ಹಾಳೆ ತೆಗೆಯಿರಿ. ಸ್ವಲ್ಪ ಇಂಗಿನ ವಾಸನೆ ಬರುತ್ತದೆ, ಚಿತ್ರಕ್ಕೆ ಅದರಿಂದ ತೊಂದರೆ ಇಲ್ಲ.

ಒಣಗಿಸಲು ಜಾಗ ಬಚ್ಚಲು ಒಲೆ. ಮಳೆಗಾಲವಿಡೀ ಅದು ಆರುವುದಿಲ್ಲ, ಮೇಲೆ ಹಗ್ಗ ಕಟ್ಟಿ ಬಟ್ಟೆ ಹಾಕಿರುತ್ತೇವೆ. ಹಾಳೆಯನ್ನು ಹಲಗೆಗೆ ನಾಲ್ಕೂ ಕಡೆ ಟೇಪ್ ಹಚ್ಚಿ, ಒಲೆಯಿಂದ ಮೂರು ಅಡಿ ದೂರ ಗೋಡೆಗೆ ಒರಗಿಸಿಡುತ್ತಿದ್ದೆ. ಮುಕ್ಕಾಲು ಗಂಟೆಗೆ ಒಂದು ಪದರ ಒಣಗುತ್ತಿತ್ತು. ಮೇಲಿನಿಂದ ಇಲ್ಲಣದ ಮಸಿ ಉದುರಿ ಒಂದು ಸಂಪಿಗೆ ಹಾಳಾದ ಮೇಲೆ ಹಲಗೆಯ ಮೇಲೆ ಮೊರ ಅಡ್ಡ ಇಡುವುದು ಕಲಿತೆ.

ಇನ್ನು ಡೇರೆಯ ಕಥೆ. ಮಲೆನಾಡಿನವರಿಗೆ ಡೇರೆಯ ಬಗ್ಗೆ ಹೇಳಬೇಕಿಲ್ಲ, ಬೇರೆಯವರಿಗಾಗಿ ಒಂದು ಮಾತು. ಮೆಕ್ಸಿಕೋದ ರಾಷ್ಟ್ರೀಯ ಹೂವಾದ ಡೇಲಿಯಾ ನಮ್ಮಲ್ಲಿ ಡೇರೆ ಆಗಿ, ಶ್ರಾವಣದ ಹೊತ್ತಿಗೆ ಪ್ರತಿ ಮನೆಯ ಅಂಗಳದಲ್ಲೂ ನಿಂತಿರುತ್ತದೆ. ಯಾರ ಮನೆಯಲ್ಲಿ ಯಾವ ಬಣ್ಣ ಇದೆ ಎಂಬುದು ಊರಿನ ಎಲ್ಲ ಹೆಂಗಸರಿಗೂ ಬಾಯಿಪಾಠ. ನಮ್ಮಲ್ಲಿ ಒಂದಿದೆ, ಕಡು ಮೆರೂನು, ಪ್ರತಿ ಎಸಳಿನ ತುದಿಗೂ ಅದ್ದಿ ತೆಗೆದಂಥ ಬಿಳಿ. ಪ್ರದರ್ಶನದ ಮುಖ್ಯ ಚಿತ್ರ ಅದೇ ಆಗಬೇಕು ಅಂತ ಮನಸ್ಸಿನಲ್ಲಿತ್ತು.

ಜಲವರ್ಣದಲ್ಲಿ ಬಿಳಿ ಎಂದರೆ ಬಣ್ಣ ಹಚ್ಚದೆ ಬಿಟ್ಟ ಹಾಳೆ. ನೂರು ಎಸಳಿನ ನೂರು ತುದಿ ಬಿಡುತ್ತಾ ಹೋಗುವ ಬದಲು ಮಾಸ್ಕಿಂಗ್ ಫ್ಲೂಯಿಡ್ ತರಿಸಿದೆ. ಅದು ರಬ್ಬರಿನ ಹಾಲೇ, ಅಮೋನಿಯಾ ವಾಸನೆ ಹೊಡೆಯುತ್ತದೆ. ಬಿಳಿ ಬೇಕಾದ ಕಡೆ ಹಚ್ಚಿ, ಒಣಗಿಸಿ, ಮೇಲೆ ಬಣ್ಣ ಬಿಟ್ಟು, ಕೊನೆಗೆ ಉಜ್ಜಿ ಸುಲಿದರೆ ಕೆಳಗೆ ಬಿಳಿ ಹಾಳೆ ಸಿಗಬೇಕು. ಹಚ್ಚಲು ಒಳ್ಳೆಯ ಕುಂಚ ಬಳಸಬೇಡಿ, ಕೂದಲು ಅಂಟಿ ಸತ್ತೇಹೋಗುತ್ತದೆ, ಅಡಿಕೆ ಸೋಗೆಯ ಕಡ್ಡಿ ಚೂಪು ಮಾಡಿಕೊಂಡರೆ ಸಾಕು. ಅಷ್ಟೆಲ್ಲ ಜಾಣತನ ಮಾಡಿದವಳು ಅದನ್ನು ಒಣಗಿಸಲು ಬಚ್ಚಲು ಒಲೆಯ ಹತ್ತಿರ ಇಟ್ಟೆ. ಬಿಸಿಗೆ ರಬ್ಬರು ಹಾಳೆಯೊಳಕ್ಕೆ ಕಚ್ಚಿಕೊಂಡಿತು. ಮೂರು ದಿನದ ಕೆಲಸದ ಮೇಲೆ ಸುಲಿಯಲು ಕೂತರೆ ಪ್ರತಿ ತುದಿಯೂ ಹಾಳೆಯ ಚರ್ಮ ಸಮೇತ ಎದ್ದು ಬಂತು, ಗಾಯದ ಸಿಪ್ಪೆ ಕಿತ್ತ ಹಾಗೆ. ಈ ದ್ರವಕ್ಕೆ ಬಿಸಿ ತೋರಿಸಲೇಬಾರದು, ಹಚ್ಚಿ ದಿನಗಟ್ಟಲೆ ಬಿಡಲೂಬಾರದು. ಅಂದರೆ ನಮ್ಮ ಮಳೆಗಾಲಕ್ಕೆ ಅದು ಹೇಳಿದ್ದಲ್ಲ. ಬಾಟಲಿಗೆ 300 ಕೊಟ್ಟದ್ದು ದಂಡ.

ಎರಡನೇ ಪ್ರಯತ್ನ ಆಶ್ಲೇಷಾ ಮಳೆಯಲ್ಲಿ. ಪಕ್ಕಪಕ್ಕದ ಎಸಳುಗಳನ್ನು ಒಟ್ಟಿಗೆ ಬರೆದರೆ ಒಂದರ ಬಣ್ಣ ಇನ್ನೊಂದಕ್ಕೆ ಹರಿಯುತ್ತದೆ, ಹಾಗಾಗಿ ಒಂದು ಬಿಟ್ಟು ಒಂದು ಬರೆಯಬೇಕು. ಮೊದಲ ಸುತ್ತು ಒಣಗಿದ ಮೇಲೆ ಬಿಟ್ಟದ್ದನ್ನು ತುಂಬಬೇಕು. ಡೇರೆಗೆ ಕಡಿಮೆ ಎಂದರೂ ನಾಲ್ಕು ಪದರ ಬೇಕು, ಇಲ್ಲದಿದ್ದರೆ ಆ ಕಡು ಬಣ್ಣ, ಎಸಳಿನ ಉದ್ದುದ್ದದ ಗೀರು, ಒಂದರ ಮೇಲೊಂದರ ನೆರಳು ಬರುವುದಿಲ್ಲ. ಲೆಕ್ಕ ಹಾಕಿ, ಒಲೆಯ ಮುಂದೆ ಮುಕ್ಕಾಲು ಗಂಟೆಯಂತೆ, ಅಡಿಗೆ, ಕೊಟ್ಟಿಗೆ ಕೆಲಸದ ನಡುವೆ. ಹೂವಿಗೆ ಇದು ಯಾವುದೂ ಗೊತ್ತಿಲ್ಲ. ಮಳೆ ನೀರು ತುಂಬಿ ತಲೆ ಭಾರವಾಗಿ ಬಗ್ಗುತ್ತದೆ, ಹಿಂಬದಿಯ ಎಸಳು ಒಂದೊಂದೇ ಕಂದು ತಿರುಗಿ ಉದುರುತ್ತದೆ. ಕೋಲು ಕೊಟ್ಟು ಕಟ್ಟಿದೆ, ಹಳೇ ಛತ್ರಿ ಹಿಡಿಸಿದೆ. ಎರಡನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ ಛತ್ರಿ ಇದೆ, ಹೂ ಇಲ್ಲ. ಅತ್ತೆ ಶ್ರಾವಣ ಶುಕ್ರವಾರ ಅಂತ ಕೊಯ್ದು ದೇವರ ತಲೆಗೆ ಏರಿಸಿದ್ದರು. "ಛತ್ರಿ ಹಾಕಿ ಚಂದ ಇಟ್ಟಿದ್ದೀಯಲ್ಲ, ದೇವರಿಗೇ ಅಂತ ಮಾಡಿದೆ." ಉಳಿದರ್ಧ ಹೂವನ್ನು ದೇವರ ಮನೆಯ ಹೊಸ್ತಿಲಲ್ಲಿ ಕೂತು ದೀಪದ ಬೆಳಕಿಗೆ ಬರೆದೆ.

ಅಲ್ಲಿಯೇ ಬುದ್ಧಿ ಬಂದದ್ದು. ನೀರು ಒಣಗುವುದಿಲ್ಲ, ಸರಿ. ನೀರು ಬೇಕಿಲ್ಲದ ಬಣ್ಣವೂ ಇದೆಯಲ್ಲ? ಮೂರನೇ ಡೇರೆಗೆ ಮೊದಲು ಬಿಳಿ ಆಯಿಲ್ ಪೇಸ್ಟಲ್ಲಿನಿಂದ ಎಸಳಿನ ತುದಿಗಳನ್ನು ಒತ್ತಿ ಗೀಚಿದೆ, ಮೇಣಕ್ಕೆ ನೀರು ಹತ್ತುವುದಿಲ್ಲ, ತುದಿ ಬಿಳಿಯಾಗಿಯೇ ಉಳಿಯಿತು. ಅಡಿಪಾಯಕ್ಕೆ ಎರಡೇ ಎರಡು ಪದರ ಜಲವರ್ಣ. ಆಮೇಲೆ ಒಲೆಯ ಮುಂದೆ ಪೂರ್ತಿ ಒಣಗಿಸಿ, ಗೀರು, ನೆರಳು ಎಲ್ಲವನ್ನೂ ಬಣ್ಣದ ಪೆನ್ಸಿಲ್ಲಿನಲ್ಲಿ ಮಾಡಿದೆ. ಹಸಿ ಹಾಳೆಯ ಮೇಲೆ ಪೆನ್ಸಿಲ್ ಎಳೆದರೆ ಗುಳಿ ಬೀಳುತ್ತದೆ, ಇಲ್ಲಿ ಅವಸರ ಬೇಡ. ಹೊರಗೆರೆಗೆ ಜೆಲ್ ಪೆನ್ ಮಾತ್ರ ಬೇಡ, ವಾರದ ಮೇಲೂ ತೇವಕ್ಕೆ ನನ್ನದು ಹಬ್ಬಿತು, ನೀರಿಗೆ ಕದಡದ ಇಂಡಿಯನ್ ಇಂಕ್ ತನ್ನಿ. ಉಪ್ಪು ಉದುರಿಸಿ ಮಂಜಿನಂಥ ಚುಕ್ಕೆ ಮೂಡಿಸುವ ವಿದ್ಯೆಯನ್ನು ಪ್ರಯತ್ನಿಸಲೇ ಇಲ್ಲ, ನಮ್ಮ ಭರಣಿಯ ಉಪ್ಪೇ ನೀರಾಗಿತ್ತು.

ಹಿನ್ನೆಲೆಗೆ ಕೆಮ್ಮಣ್ಣು ಬಳಸಿದ್ದು ಸಾಗರ ಕಡೆಯ ದೀವರ ಸಮುದಾಯದ ಮನೆಗಳ ಹಸೆ ಚಿತ್ತಾರ ನೆನಪಾಗಿ. ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ: ಮಿಶ್ರ ಮಾಧ್ಯಮ ಅಂತ ಈಗ ನಾವು ಹೆಸರಿಟ್ಟು ಮಾಡುವುದನ್ನು ಆ ಹೆಂಗಸರು ಯಾವತ್ತೋ ಮಾಡಿ ಮುಗಿಸಿದ್ದಾರೆ. ಧರೆಯ ಕೆಮ್ಮಣ್ಣು ತಂದು, ನೀರಲ್ಲಿ ಕದಡಿ, ಮರಳು ಕೆಳಗಿಳಿದ ಮೇಲೆ ಮೇಲಿನ ರಾಡಿಯನ್ನು ಬಟ್ಟೆಯಲ್ಲಿ ಸೋಸಿ ಒಣಗಿಸಿದೆ. ಅಂಟಿನುಂಡೆಗೆ ತಂದು ಉಳಿದಿದ್ದ ಅಂಟನ್ನು ಬಿಸಿ ನೀರಲ್ಲಿ ಕರಗಿಸಿ ಅದಕ್ಕೆ ಸೇರಿಸಿ ಅರೆದೆ. ಬಣ್ಣ ಬಿರಿಯದಿರಲು ಚೂರು ಜೇನು ಹಾಕಬೇಕು ಅಂತ ಎಲ್ಲೋ ಓದಿದ್ದೆ, ಮನೆಯ ತುಡುವೆ ಜೇನೇ ಇತ್ತು, ಧಾರಾಳವಾಗಿ ಹಾಕಿದೆ. ಜೇನು ಗಾಳಿಯ ತೇವ ಹೀರುವ ಪದಾರ್ಥ. ಗಾಳಿಯಲ್ಲಿ ತೇವ ಬಿಟ್ಟು ಬೇರೇನೂ ಇಲ್ಲದ ಊರಲ್ಲಿ ಆ ಹಿನ್ನೆಲೆ ಆರು ದಿನ ಅಂಟಂಟಾಗಿಯೇ ಇತ್ತು. ಏಳನೇ ದಿನ ನೋಡಿದರೆ ಗೋಡೆಯಿಂದ ಹಲಗೆಗೆ, ಹಲಗೆಯಿಂದ ಡೇರೆಯ ಸುತ್ತ ಇರುವೆ ಸಾಲು. ಜೇನಿಲ್ಲದೆ ಮತ್ತೆ ಕಲಸಿ ನಾಲ್ಕನೇ ಹಾಳೆಯಲ್ಲಿ ಬರೆದದ್ದೇ ಕೊನೆಗೆ ಶಿವಮೊಗ್ಗಕ್ಕೆ ಹೋದದ್ದು.

ಒಂದು ಹೂ ಮಾತ್ರ ನಮ್ಮ ಹವೆಗೆ ಹೇಳಿ ಮಾಡಿಸಿದ್ದು, ಬೇಲಿಯ ಮೇಲಿನ ಗೌರಿ ಹೂ. ಹಸಿರು ಹಳದಿಯಾಗಿ ಅರಳಿ, ದಿನ ಹೋದ ಹಾಗೆ ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು, ಕೊನೆಗೆ ಪೂರಾ ಕೆಂಪಾಗುತ್ತದೆ. ಹಾಳೆ ಬೇಗ ಒಣಗದ್ದರಿಂದ ಹಳದಿಯ ತುದಿಗೆ ಕೆಂಪು ಮುಟ್ಟಿಸಿದರೆ ನಿಧಾನವಾಗಿ ತಾನೇ ಬೆರೆಯುತ್ತಾ ಹೋಯಿತು. ಬಯಲುಸೀಮೆಯವರಿಗೆ ಈ ಪುರುಸೊತ್ತು ಸಿಗಲಾರದು. ಗಿಡ ವಿಷ, ಗೆಡ್ಡೆಯಂತೂ ಇನ್ನೂ ವಿಷ, ಮುಟ್ಟಿದ ಕೈ ತೊಳೆದುಕೊಳ್ಳಿ. ಕುಂಚವನ್ನು ತುಟಿಯಲ್ಲಿ ಚೂಪು ಮಾಡುವ ಅಭ್ಯಾಸ ನನಗಿತ್ತು, ಆವತ್ತೇ ಬಿಟ್ಟೆ.

ಅರ್ಜಿಯ ವಿಷಯ. ಸೆಪ್ಟೆಂಬರ್ ಕೊನೆಗೆ ಕೊಡಬೇಕಿತ್ತು: ಆಧಾರ್ ನಕಲು, ಪಾಸ್‌ಬುಕ್ಕಿನ ಮೊದಲ ಪುಟ, ಎರಡು ಭಾವಚಿತ್ರ, 500 ರೂಪಾಯಿ ಶುಲ್ಕ ಕಟ್ಟಿದ ರಸೀದಿ, ಐದು ಚಿತ್ರಗಳ ಫೋಟೋ, ಪ್ರತಿ ಚಿತ್ರದ ಹೆಸರು, ಸೆಂಟಿಮೀಟರಿನಲ್ಲಿ ಅಳತೆ, ಮಾಧ್ಯಮ, ಬೆಲೆ. ಹತ್ತು ದಿನದ ಮೇಲೆ ವಾಪಸು ಬಂತು. ಆಧಾರಿನಲ್ಲಿ ನನ್ನ ಹೆಸರಿನ ಮುಂದೆ ಇವರ ಹೆಸರು, ಪಾಸ್‌ಬುಕ್ಕಿನಲ್ಲಿ ಅಪ್ಪನ ಮನೆಯ ಇನಿಷಿಯಲ್. ಇಬ್ಬರೂ ಒಬ್ಬಳೇ ಎಂದು ನಾನೇ ಬರೆದು ಸಹಿ ಹಾಕಿದ ಕಾಗದ ಬೇಕಂತೆ. ಇನ್ನೊಂದು ತಕರಾರು, ಮಾಧ್ಯಮದ ಕಾಲಮ್ಮಿನಲ್ಲಿ ಎಲ್ಲದಕ್ಕೂ ಜಲವರ್ಣ ಅಂತ ಬರೆದಿದ್ದೆ. ಪೆನ್ಸಿಲ್, ಪೇಸ್ಟಲ್, ಮಣ್ಣು ಏನು ಸೇರಿದ್ದರೂ ಮಿಶ್ರ ಮಾಧ್ಯಮ ಎಂದೇ ಬರೆದು, ಪಕ್ಕದಲ್ಲಿ ಏನೇನು ಎಂದು ಹೇಳಬೇಕು. ಕೊಳ್ಳುವವರಿಗೂ ಅದು ಗೊತ್ತಿರಬೇಕಾದ್ದೇ, ಇದರಲ್ಲಿ ಅವರ ತಪ್ಪಿಲ್ಲ. ಮೊದಲೇ ಸರಿಯಾಗಿ ಬರೆದರೆ 60 ಕಿಲೋಮೀಟರ್ ಮತ್ತೆ ಹೋಗಿ ಬರುವುದು ತಪ್ಪುತ್ತದೆ. ಫೋಟೋವನ್ನು ಜಗಲಿಯಲ್ಲಿ ಮಧ್ಯಾಹ್ನ ಹನ್ನೊಂದು ಹನ್ನೆರಡರ ನಡುವೆ ತೆಗೆಯಿರಿ, ಬಲ್ಬಿನ ಬೆಳಕಲ್ಲಿ ಬಿಳಿ ಸೀತಾಳೆಯೂ ಅರಿಸಿನ ಹಚ್ಚಿದಂತೆ ಬರುತ್ತದೆ.

ಉತ್ತರಕ್ಕೆ ಕಾದದ್ದು ಇಪ್ಪತ್ತಮೂರು ದಿನ. ಆ ಹೊತ್ತಿಗೆ ಬಿಸಿಲು ಬಂದಿತ್ತು. ಯಾವ ಬಣ್ಣ ಬಿಸಿಲಿಗೆ ಮಾಸುತ್ತದೆ ನೋಡೋಣ ಅಂತ ಒಂದು ಹಾಳೆಗೆ ಎಲ್ಲ ಬಣ್ಣದ ಪಟ್ಟಿ ಎಳೆದು, ಅರ್ಧಕ್ಕೆ ದಪ್ಪ ರಟ್ಟು ಮುಚ್ಚಿ, ಗಾಜಿನ ಹೆಂಚಿನ ಕೆಳಗೆ ಇಟ್ಟೆ. ಐದು ವಾರದ ಮೇಲೆ ರಟ್ಟು ತೆಗೆದರೆ, ಕಣ್ಣು ಕುಕ್ಕುವ ಒಪೇರಾ ಪಿಂಕ್ ಬಿಸಿಲು ತಾಗಿದ ಕಡೆ ಸವೆದ ಸೀರೆಯ ಹಾಗಾಗಿತ್ತು. ಅದರಲ್ಲಿ ಬರೆದ ಎರಡು ಚಿತ್ರಗಳನ್ನು ಪ್ರದರ್ಶನದ ಪಟ್ಟಿಯಿಂದ ತೆಗೆದೆ. ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ವರ್ಣದ್ರವ್ಯದ ಸಂಖ್ಯೆ ಇರುತ್ತದೆ, ಗುಲಾಬಿ, ಮೆರೂನಿಗೆ ಪಿವಿ 19 ಇದ್ದದ್ದು ನೋಡಿ ತನ್ನಿ, ಪಿಆರ್ 83 ಇದ್ದರೆ ಬೇಡ, ಅದೂ ಬೆಳಕಿಗೆ ಮಾಸುತ್ತದೆ. ಕೆಮ್ಮಣ್ಣು ಒಂದು ಚೂರೂ ಕದಲಿರಲಿಲ್ಲ.

ಫ್ರೇಮಿಗೆ ಒಂದಕ್ಕೆ 680. ಮೊದಲು ಕೊಟ್ಟ ಅಂಗಡಿಯವರು ಚಿತ್ರವನ್ನು ಗಾಜಿಗೆ ನೇರ ಒತ್ತಿ ಕೂರಿಸಿದ್ದರು. ನಮ್ಮ ಕಡೆ ಹಾಗೆ ಮಾಡಿದರೆ ಒಂದೇ ಮಳೆಗಾಲಕ್ಕೆ ಗಾಜಿನ ಒಳಗೆ ಬೂಸು. ನಡುವೆ ಮೌಂಟ್ ಬೋರ್ಡ್ ಅನ್ನುವ ದಪ್ಪ ರಟ್ಟಿನ ಚೌಕಟ್ಟು ಇಟ್ಟು ಗಾಜಿಗೂ ಚಿತ್ರಕ್ಕೂ ಸಂದು ಬಿಡಿಸಬೇಕು, ಹಿಂದಿನಿಂದ ಟೇಪ್ ಹಾಕಿಸಬೇಕು. ಬಿಚ್ಚಿಸಿ ಮತ್ತೆ ಮಾಡಿಸಲು ಎರಡು ಮಾತು ಜೋರಾಗಿಯೇ ಆಡಬೇಕಾಯಿತು.

ಹನ್ನೆರಡು ಅಂದುಕೊಂಡದ್ದು ಒಂಬತ್ತಾಯಿತು. ಒಟ್ಟು ಖರ್ಚು 14,070. ಒಂದಕ್ಕೆ 2,500ರಂತೆ ಮೂರು ಮಾರಿದವು: ಸೀತಾಳೆ, ಗೌರಿ ಹೂ, ರಂಜೆ. ಕೈಯಿಂದ ಹೋದದ್ದು 6,570, ನನ್ನ ಕೂಲಿ ಬಿಟ್ಟು. ಇವರು ಕೇಳಿಲ್ಲ, ನಾನೂ ಹೇಳಿಲ್ಲ.

ಕೆಮ್ಮಣ್ಣಿನ ಮೇಲಿನ ಮೆರೂನು ಡೇರೆಯ ಮುಂದೆ ಎರಡೂ ದಿನ ಜನ ನಿಲ್ಲುತ್ತಿದ್ದರು, ಅದರಲ್ಲೂ ಹೆಂಗಸರು. ಸಾಗರ ಕಡೆಯವರೊಬ್ಬರು ಕನ್ನಡಕ ಏರಿಸಿ, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋಗಿ ನೋಡಿದರು. ಪೆನ್ಸಿಲ್ ಗೀರಿನ ಬಗ್ಗೆ ಏನಾದರೂ ಕೇಳುತ್ತಾರೆ ಅಂತ ನಾನು ಸೆರಗು ಸರಿ ಮಾಡಿಕೊಂಡು ನಿಂತೆ.

"ತುದಿಗೆ ಬಿಳಿ ಬಂದದ್ದು ನೀವು ಬರೆದದ್ದಾ, ಹೂವೇ ಹಾಗೆ ಇರ್ತದಾ?"

"ಹೂವೇ ಹಾಗೆ. ನಮ್ಮ ಅಂಗಳದ್ದೇ."

"ಹೌದಾ ಮಾರಾಯ್ತಿ! ಗೆಡ್ಡೆ ಇದೆಯಾ? ಒಂದು ಕೊಡ್ತೀರಾ?"

ಅವರ ಹಿಂದೆ ನಿಂತವರಿಗೂ ಅದು ಕೇಳಿಸಿತು. ಸಂಜೆಯ ಹೊತ್ತಿಗೆ ರಸೀದಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಹನ್ನೊಂದು ಹೆಸರು, ಊರು, ಫೋನ್ ನಂಬರು. ಎಲ್ಲರಿಗೂ ಮೇ ತಿಂಗಳಲ್ಲಿ ಕೊಡುತ್ತೇನೆ ಎಂದು ಒಪ್ಪಿಕೊಂಡು ಬಂದಿದ್ದೇನೆ. ನಿನ್ನೆ ಒಣಗಿದ ಗಿಡ ಕಡಿದು, ಬುಡ ಅಗೆದು ನೋಡಿದೆ. ಆರು ಗೆಡ್ಡೆ ಇವೆ.